*ದಿನಕ್ಕೊಂದು ಹಾಳೆ: ಚಿತ್ರಾಭ್ಯಾಸವೂ ಸಮ್ಮಾ ವಾಯಾಮವೇ*



*ಇಂದಿನ ಧಮ್ಮ ಚಿಂತನೆ*



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ನಾನೊಬ್ಬ ಕನ್ನಡ ಮೇಷ್ಟ್ರು. ಚಿತ್ರಕಲಾ ಶಿಕ್ಷಕನಲ್ಲ. ಆದರೂ ಮೂರು ವರ್ಷದಿಂದ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಚಿತ್ರ ಬಿಡಿಸುತ್ತಿದ್ದೇನೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಹಾಗಾಗಿ ನಮ್ಮ ಕೇರಿಯ ಮಕ್ಕಳಿಗೂ ಬಿಡಿಸಿ ಎಂದು ಹೇಳುತ್ತಿರುತ್ತೇನೆ. ಆಗ ತಂದೆ ತಾಯಿಗಳಿಂದ ಕೇಳಿಬರುವ ಮಾತು ಒಂದೇ: "ಅದು ಹುಟ್ಟಿನಿಂದ ಬರಬೇಕು ಸಾರ್, ನಮ್ಮಂಥೋರ ಕೈಗೆ ಎಲ್ಲಿ ಹತ್ತುತ್ತೆ?"

ಬಂಧುಗಳೇ, ಈ ಮಾತನ್ನು ಒಮ್ಮೆ ನಿಧಾನವಾಗಿ ಓದಿ. *"ಹುಟ್ಟಿನಿಂದ ಬರಬೇಕು."* ಇದನ್ನು ನಾವು ಬೇರೆ ಎಲ್ಲೆಲ್ಲಿ ಕೇಳಿದ್ದೇವೆ? ಓದು ಹುಟ್ಟಿನಿಂದ, ಮಂತ್ರ ಹುಟ್ಟಿನಿಂದ, ಮೇಲು ಕೀಳು ಹುಟ್ಟಿನಿಂದ ಎಂದವರು ಯಾರು? ಹುಟ್ಟಿನಿಂದ ಯಾರೂ ಕೀಳಲ್ಲ, ಯಾರೂ ಮೇಲಲ್ಲ, ಮಾಡುವ ಕೆಲಸದಿಂದಲೇ ಮನುಷ್ಯ ಏನಾಗಬೇಕೋ ಅದಾಗುತ್ತಾನೆ ಎಂಬುದು ವಸಲ ಸುತ್ತದಲ್ಲಿ ಭಗವಾನರ ಬೋಧೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮ್ಮನ್ನು ಕರೆದುಕೊಂಡು ಬಂದದ್ದು ಈ ಬೋಧೆಯ ಕಡೆಗೆ. ದೀಕ್ಷೆ ತೆಗೆದುಕೊಂಡ ಮನೆಯಲ್ಲೇ ಮಗುವಿನ ಕೈ ನೋಡಿ "ನಿನಗೆ ಹುಟ್ಟಿನಿಂದ ಬಂದಿಲ್ಲ" ಎಂದರೆ, ಬಾಗಿಲಿನಿಂದ ಹೊರಗೆ ಹಾಕಿದ್ದನ್ನು ಕಿಟಕಿಯಿಂದ ಒಳಗೆ ಕರೆದಂತೆ.

ನಮ್ಮ ಹಿರಿಯರನ್ನೇ ನೋಡಿ. ಅಳತೆಪಟ್ಟಿ ಇಲ್ಲದೆ ಕಾಲು ನೋಡಿಯೇ ಚಪ್ಪಲಿಗೆ ತೊಗಲು ಕತ್ತರಿಸುತ್ತಿದ್ದರು. ಆ ನೋಟವೇ ಚಿತ್ರಕಲೆಯ ಮೊದಲ ಪಾಠ. ಅದು ಅವರಿಗೆ ರಕ್ತದಿಂದ ಬಂದದ್ದಲ್ಲ, ದಿನಾ ಮಾಡಿ ಮಾಡಿ ಬಂದದ್ದು. ಅದನ್ನು ಯಾರೂ ಕಲೆ ಎಂದು ಕರೆಯಲಿಲ್ಲ, ಅಷ್ಟೇ.

*📖 ಬಾಚಿಯ ಹಿಡಿ*

ಸಂಯುತ್ತ ನಿಕಾಯದಲ್ಲಿ ಒಂದು ಹೋಲಿಕೆ ಬರುತ್ತದೆ. ಬಡಗಿಯ ಬಾಚಿಯ ಹಿಡಿಯ ಮೇಲೆ ಬೆರಳಿನ ಗುರುತು ಮೂಡಿರುತ್ತದೆ. ಇವತ್ತು ಇಷ್ಟು ಸವೆಯಿತು, ನಿನ್ನೆ ಅಷ್ಟು ಸವೆಯಿತು ಎಂದು ಬಡಗಿಗೆ ಗೊತ್ತಾಗುವುದಿಲ್ಲ. ಸವೆದ ಮೇಲೆ ಮಾತ್ರ, ಹೌದು ಸವೆದಿದೆ ಎಂದು ಗೊತ್ತಾಗುತ್ತದೆ. ಭಾವನೆಯಲ್ಲಿ, ಅಂದರೆ ಅಭ್ಯಾಸದಲ್ಲಿ ತೊಡಗಿದವನ ಮನಸ್ಸಿನ ಕಶ್ಮಲವೂ ಹೀಗೆಯೇ ಸವೆಯುತ್ತದೆ ಎಂದು ಭಗವಾನರು ಹೇಳುತ್ತಾರೆ.

ಚಿತ್ರ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕೆ? ಹತ್ತು ದಿನ ಬರೆದು "ಏನೂ ಸುಧಾರಿಸಲಿಲ್ಲ" ಎಂದು ಪೆನ್ಸಿಲ್ ಇಡುವವರೇ ಹೆಚ್ಚು. ಸುಧಾರಣೆ ದಿನದಿನಕ್ಕೆ ಕಾಣುವಂಥದ್ದಲ್ಲ. ಆದರೆ ಹಿಡಿ ಸವೆಯುತ್ತಲೇ ಇರುತ್ತದೆ.

*🦁 ಸಾರನಾಥದ ಸಿಂಹ*

ನಮ್ಮ ಸಂವಿಧಾನದ ಮೂಲ ಪ್ರತಿಯನ್ನು ನಂದಲಾಲ್ ಬೋಸರು ಶಾಂತಿನಿಕೇತನದ ವಿದ್ಯಾರ್ಥಿಗಳ ಜೊತೆ ಸೇರಿ ಚಿತ್ರಗಳಿಂದ ಅಲಂಕರಿಸಿದರು. ಅದರಲ್ಲಿ ಬುದ್ಧನ ಚಿತ್ರವೂ ಇದೆ, ಅಶೋಕನ ಧಮ್ಮ ಪ್ರಸಾರದ ಚಿತ್ರವೂ ಇದೆ. ಸಾರನಾಥದ ಸಿಂಹಸ್ತಂಭವನ್ನು ಬರೆಯುವ ಕೆಲಸ ದೀನಾನಾಥ್ ಭಾರ್ಗವ ಎಂಬ ಯುವ ವಿದ್ಯಾರ್ಥಿಯ ಪಾಲಿಗೆ ಬಂತು. ಅವರು ಸ್ತಂಭದ ಪಟವನ್ನು ನೋಡಿ ನಕಲು ಮಾಡಿ ಮುಗಿಸಲಿಲ್ಲ. ತಿಂಗಳುಗಟ್ಟಲೆ ಕಲ್ಕತ್ತಾದ ಮೃಗಾಲಯಕ್ಕೆ ಹೋಗಿ, ಜೀವಂತ ಸಿಂಹ ಹೇಗೆ ನಿಲ್ಲುತ್ತದೆ, ಹೇಗೆ ನೋಡುತ್ತದೆ ಎಂದು ಕಂಡು ಬಂದರು. ಒಂದು ಪುಟದ ಚಿತ್ರಕ್ಕೆ ಅಷ್ಟು ದಿನದ ನೋಟ!

ಬಾಬಾಸಾಹೇಬರೂ ಅಷ್ಟೇ. ಅಷ್ಟೊಂದು ಬರವಣಿಗೆ, ಹೋರಾಟ, ಅನಾರೋಗ್ಯದ ನಡುವೆ, ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತರು, ಚಿತ್ರ ಬರೆಯಲು ಕೂತರು. ಅವರು ಬರೆದ ಬುದ್ಧನ ಕಣ್ಣುಗಳು ತೆರೆದಿವೆ. "ವಯಸ್ಸಾಯಿತು" ಎನ್ನುವವರಿಗೂ ಇಲ್ಲಿ ಉತ್ತರವಿದೆ.

*☸️ ನಾಲ್ಕು ಪ್ರಯತ್ನ, ಒಂದು ಪೆನ್ಸಿಲ್*

ಸಮ್ಮಾ ವಾಯಾಮದಲ್ಲಿ ನಾಲ್ಕು ಬಗೆ ಇವೆ ಎಂದು ಹಿಂದೆ ಓದಿದ್ದೇವೆ. ಅದನ್ನೇ ಇಲ್ಲಿಗೆ ಅನ್ವಯಿಸೋಣ.

*1. ಸಂವರ (ಬಾರದಂತೆ ತಡೆಯುವುದು):* ಒಂದೇ ಹೊತ್ತು, ಒಂದೇ ಜಾಗ. ಕೂರುವ ಮೊದಲು ಮೊಬೈಲ್ ಇನ್ನೊಂದು ಕೋಣೆಗೆ. ಈ ಸಂದೇಶ ಓದಿ ಆದ ಮೇಲೆ!

*2. ಪಹಾನ (ಬಂದದ್ದನ್ನು ಬಿಡುವುದು):* "ನನ್ನ ಕೈಲಿ ಆಗಲ್ಲ" ಎಂಬ ಯೋಚನೆ ಬರುತ್ತದೆ. ಬಂತು ಎಂದು ತಿಳಿದುಕೊಂಡು ಮುಂದಿನ ಗೆರೆ ಎಳೆಯಿರಿ. ರಬ್ಬರ್ ಮುಟ್ಟಬೇಡಿ. ತಪ್ಪಿದ ಗೆರೆ ಹಾಗೇ ಇರಲಿ, ಪಕ್ಕದಲ್ಲಿ ಸರಿಯಾದದ್ದು ಬರಲಿ. ತಪ್ಪಿದ ಗೆರೆ ಕಣ್ಣೆದುರಿಗೆ ಇದ್ದರೆ ತಾನೇ ಎಷ್ಟು ತಪ್ಪಿತು ಎಂದು ತಿಳಿಯುವುದು?

*3. ಭಾವನಾ (ಒಳಿತನ್ನು ಬೆಳೆಸುವುದು):* ವಾರಕ್ಕೆ ಒಂದೇ ವಸ್ತು. ಏಳು ದಿನವೂ ಅದನ್ನೇ.

*4. ಅನುರಕ್ಖಣಾ (ಬಂದದ್ದನ್ನು ಕಾಪಾಡುವುದು):* ಪ್ರತಿ ಹಾಳೆಗೆ ತಾರೀಖು ಹಾಕಿ ಎತ್ತಿಡಿ. ತಿಂಗಳ ಕೊನೆಗೆ ಮೊದಲ ದಿನದ ವಸ್ತುವನ್ನೇ ಮತ್ತೆ ಬರೆದು ಎರಡನ್ನೂ ಪಕ್ಕಪಕ್ಕ ಇಡಿ. ಬಾಚಿಯ ಹಿಡಿ ಸವೆದದ್ದು ಆಗ ಕಾಣುತ್ತದೆ.

*✏️ ಏನು ಬರೆಯುವುದು?*

ಎಲ್ಲರೂ ನೇರವಾಗಿ ಬುದ್ಧನ ಮುಖಕ್ಕೆ ಕೈ ಹಾಕುತ್ತಾರೆ, ಬಾರದೆ ಬಿಡುತ್ತಾರೆ. ಸಾಂಚಿಯ ತೋರಣಗಳ ಹಳೆಯ ಶಿಲ್ಪಗಳಲ್ಲಿ ಬುದ್ಧ ಮನುಷ್ಯರೂಪದಲ್ಲಿ ಇಲ್ಲ. ಬೋಧಿವೃಕ್ಷ, ಚಕ್ರ, ಪಾದದ ಗುರುತು, ಖಾಲಿ ಪೀಠ ಇವೇ ಬುದ್ಧ. ನಾವೂ ಅದೇ ದಾರಿ ಹಿಡಿಯೋಣ.

*ಮೊದಲ ವಾರ, ಅರಳಿ ಎಲೆ.* ಒಂದು ಕಾಲಕ್ಕೆ ನಮ್ಮವರು ಹತ್ತಿ ಕೂರಲಾಗದ ಅರಳಿಕಟ್ಟೆಗಳು ಎಷ್ಟೋ ಊರಲ್ಲಿದ್ದವು. ಆ ಮರದ ಎಲೆ ಈಗ ನಿಮ್ಮ ಮಗುವಿನ ಅಂಗೈಯಲ್ಲಿ ಇರಲಿ. ಹಾಳೆಗಿಂತ ಎಲೆಯನ್ನು ಹೆಚ್ಚು ನೋಡಬೇಕು. ಮನಸ್ಸಿನಲ್ಲಿರುವ ಎಲೆಯನ್ನಲ್ಲ, ಎದುರಿಗಿರುವ ಎಲೆಯನ್ನು ಬರೆಯಬೇಕು. ಹುಳ ತಿಂದ ತೂತಿದ್ದರೆ ಅದನ್ನೂ ಬರೆಯಿರಿ. ಇದ್ದದ್ದನ್ನು ಇದ್ದಂತೆ ನೋಡುವುದೇ ಸತಿ.

*ಎರಡನೇ ವಾರ, ಅಶೋಕ ಚಕ್ರ.* ಕೈವಾರದಲ್ಲಿ ವೃತ್ತ ಎಳೆದು, ಅದೇ ಅಳತೆಯಲ್ಲಿ ಅಂಚಿನ ಮೇಲೆ ಗುರುತಿಸುತ್ತಾ ಹೋದರೆ ಆರು ಭಾಗ. ಒಂದೊಂದನ್ನು ಎರಡು ಮಾಡಿದರೆ 12, ಮತ್ತೆ ಎರಡು ಮಾಡಿದರೆ 24. ಅರದಿಂದ ಅರಕ್ಕೆ 15 ಡಿಗ್ರಿ. ನಾಲ್ಕು ದಿನ ಕೈವಾರದಲ್ಲಿ, ಮೂರು ದಿನ ಬರಿಗೈಯಲ್ಲಿ.

*ಮೂರನೇ ವಾರ, ಭಿಕ್ಷಾಪಾತ್ರೆ.* ಮನೆಯ ಚೊಂಬು, ಬೋಗುಣಿ ಸಾಕು. ಬಾಯಿ ಪೂರ್ತಿ ದುಂಡಗೆ ಕಾಣುವುದಿಲ್ಲ, ಮೊಟ್ಟೆಯಾಕಾರ ಕಾಣುತ್ತದೆ. ಕಿಟಕಿಯ ಬೆಳಕು ಯಾವ ಕಡೆ, ನೆರಳು ಯಾವ ಕಡೆ ನೋಡಿ.

*ನಾಲ್ಕನೇ ವಾರ, ಜೀವ.* ಶಿರಾ ಕಡೆಯವರಿಗೆ ಕಗ್ಗಲಡುವಿನ ಹುಣಸೆಮರದ ಬಣ್ಣದ ಕೊಕ್ಕರೆಗಳಿವೆ, ಮಧುಗಿರಿಯವರಿಗೆ ಮೈದನಹಳ್ಳಿಯ ಕೃಷ್ಣಮೃಗಗಳಿವೆ. ಮೊದಲ ಧಮ್ಮೋಪದೇಶ ನಡೆದದ್ದೂ ಜಿಂಕೆವನದಲ್ಲೇ ಅಲ್ಲವೇ? ಹೋಗಲಾಗದವರಿಗೆ ಹಿತ್ತಲ ಕೋಳಿ, ಮೇಕೆ ಇವೆ. ಅವು ನಿಲ್ಲುವುದಿಲ್ಲ. ಅರ್ಧ ನಿಮಿಷದಲ್ಲಿ ಬೆನ್ನಿನ ಗೆರೆ, ಕತ್ತಿನ ಗೆರೆ ಹಿಡಿದರೆ ಸಾಕು. ಅನಿಚ್ಚದ ಪಾಠ ಪುಕ್ಕಟೆ.

ಆಮೇಲೆ ಬುದ್ಧನ ಮುಖ. ಒಂದೇ ಸೂತ್ರ: ಉಷ್ಣೀಷ ಬಿಟ್ಟು ತಲೆಯ ಎತ್ತರದ ನಡುವಿನಲ್ಲಿ ಕಣ್ಣು ಬರುತ್ತದೆ. ಎಲ್ಲರೂ ಮೇಲೆ ಬರೆದುಬಿಡುತ್ತಾರೆ.

ಖರ್ಚೇನೂ ಇಲ್ಲ. ಒಂದು ಎಚ್‌ಬಿ, ಒಂದು 4ಬಿ ಪೆನ್ಸಿಲ್, ಒಂದು ಬದಿ ಖಾಲಿ ಇರುವ ಹಳೆಯ ಹಾಳೆ. ಮಕ್ಕಳಿಗೆ ಹಿಡಿತ ಬಂದ ಮೇಲೆ ಸರ್ಕಾರದ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿಸಿ.

ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ, ಏಪ್ರಿಲ್ 14ಕ್ಕೆ ಫ್ಲೆಕ್ಸ್ ಮಾಡಿಸುತ್ತೇವೆ. ಮಳೆಗೆ ಹರಿದು ಚರಂಡಿ ಸೇರುತ್ತದೆ. ಮುಂದಿನ ವರ್ಷ ಒಂದು ಊರಿನಲ್ಲಾದರೂ ನಮ್ಮ ಮಗು ಬರೆದ ಬುದ್ಧ, ನಮ್ಮ ಮಗು ಬರೆದ ಭೀಮ ವೇದಿಕೆಯ ಮೇಲೆ ಇರಲಿ. ಮೂಗು ಸ್ವಲ್ಪ ಸೊಟ್ಟಗಿದ್ದರೂ ಸರಿ.

*✅ ಇಂದಿನ ಸಂಕಲ್ಪ:* ಸಂಜೆಯೊಳಗೆ ಒಂದು ಅರಳಿ ಎಲೆ ತಂದು, ಮನೆಮಂದಿಯೆಲ್ಲ ಕೂತು ಇಪ್ಪತ್ತು ನಿಮಿಷ ಬರೆಯೋಣ. ತಾರೀಖು ಹಾಕೋಣ.

*❓ ಮನನಕ್ಕೆ:* ನಮ್ಮ ಮನೆಯಲ್ಲಿ ಇನ್ನೂ ಯಾವ ಯಾವ ವಿದ್ಯೆಯನ್ನು "ಹುಟ್ಟಿನಿಂದ ಬರಬೇಕು" ಎಂದು ಬಿಟ್ಟಿದ್ದೇವೆ?

ಭವತು ಸಬ್ಬ ಮಂಗಲಂ 🌼
ಸಾಧು, ಸಾಧು, ಸಾಧು

_ಓದಿ, ಇನ್ನೊಂದು ಮನೆಗೆ ತಲುಪಿಸಿ._