ತಲೆಕೆಳಗಾದ ರೂಟರು: ಮೇಜಿಗೆ ತಕ್ಕ ಯಂತ್ರ ಯಾವುದು?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಗ್ರಾಮದ ಹೆಸರನ್ನು ವಾಚಕರಲ್ಲಿ ಅನೇಕರು ಅಲ್ಲಿಯ ಹುಣಸೆಯ ತೋಪಿನ ದೆಸೆಯಿಂದ ಕೇಳಿರಬಹುದು. ಸುಮಾರು 54 ಎಕರೆಗಳಷ್ಟು ಹರಡಿರುವ ಈ ತೋಪನ್ನು 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ 2007ರಲ್ಲಿ ಪಾರಂಪರಿಕ ತಾಣವೆಂದು ಸಾರಲಾಯಿತು. ನಮ್ಮ ದೇಶದಲ್ಲಿ ಈ ಮನ್ನಣೆಯನ್ನು ಪಡೆದ ತಾಣಗಳಲ್ಲಿ ಇದೇ ಮೊದಲನೆಯದು. ಆ ಹಳೆಯ ಮರಗಳ ತಿರುಚಿದ ಬೊಡ್ಡೆಗಳನ್ನು ನೋಡಿಬರಲೆಂದು ಹೋಗಿದ್ದ ಈ ಲೇಖಕನಿಗೆ ಅದೇ ಸೀಮೆಯ ಬಡಗಿಯೊಬ್ಬರ ಪರಿಚಯವಾಯಿತು. ತೋಪಿನ ಮರಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಆದರೆ ಹೊಲದ ಬದುವಿನಲ್ಲಿ ಗಾಳಿಗೆ ಉರುಳಿದ ಹುಣಸೆಯೊಂದು ಆಗೊಮ್ಮೆ ಈಗೊಮ್ಮೆ ಅವರ ಕೈಗೆ ಬರುವುದುಂಟು. ಹುಣಸೆಯ ಚೇಗು ಎಷ್ಟು ಗಟ್ಟಿಯೆಂಬುದಕ್ಕೆ ಕಸಾಯಿಯವರ ಕೊರಡು ಅದರಿಂದಲೇ ಆಗುವುದೆಂಬುದು ಸಾಕ್ಷಿ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹತ್ತರಿಯನ್ನು ಯಾವ ಕಡೆಯಿಂದ ತಳ್ಳಿದರೂ ಎಲ್ಲೋ ಒಂದೆಡೆ ಸಿಬಿರೇಳುತ್ತದೆ.

ಆಚಾರ್ಯರ ಮನೆಯ ಮುಂದಿನ ಚಪ್ಪರವೇ ಅವರ ಕಾರ್ಯಾಗಾರ. ಅದರ ಗೋಡೆಯ ಗಾರೆಯಲ್ಲಿ ಎದೆಯೆತ್ತರಕ್ಕೆ ಬೆರಳು ತೂರುವಷ್ಟು ಒಂದು ಕುಳಿ ಇತ್ತು. ಅವರಲ್ಲಿ ಒಂದು ಟ್ರಿಮ್ಮರ್ ಉಂಟು. ಎಂದರೆ ಒಂದೇ ಕೈಯಲ್ಲಿ ಹಿಡಿಯಬಹುದಾದ ಕಿರಿಯ ರೂಟರು. ಅದನ್ನು ಒಂದು ಹಲಗೆಗೆ ತಲೆಕೆಳಗಾಗಿ ಬಿಗಿದು, ಕದದ ಅಂಚಿಗೆ ಅಚ್ಚು ತೆಗೆಯಲು 32 ಮಿಲಿಮೀಟರ್ ಅಗಲದ ಬಿಟ್ ಹಾಕಿ ಚಾಲೂ ಮಾಡಿದರಂತೆ. ಹುಣಸೆಯ ತುಂಡು ತಗುಲಿದೊಡನೆ ಬಿಟ್‌ನ ಕಡ್ಡಿ ಬಾಗಿ, ಮುರಿದು, ಗೋಡೆಗೆ ಬಡಿಯಿತು. ಅವರ ಕೈ ಆ ದಾರಿಯಿಂದ ಎರಡು ಗೇಣು ಈಚೆಗಿತ್ತು. "ಈಗ ದೊಡ್ಡದೇ ತರಬೇಕು ಅಂತಿದ್ದೀನಿ ಸಾರ್. ಅಂಗಡಿಯೋರು ಹೆಚ್ಚು ವಾಟಿಂದೇ ತಗೊಳ್ಳಿ ಅಂತಾರೆ. ನೀವೇನಂತೀರಿ?" ಎಂದು ಅವರು ಕೇಳಿದರು. ಬೆರಳುಗಳೇ ಬಂಡವಾಳವಾದವರು ಕೇಳಿದ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸರಿಯೆನಿಸಲಿಲ್ಲ.

ರೂಟರನ್ನು ಕಂಡರಿಯದ ವಾಚಕರಿಗಾಗಿ ಎರಡು ಮಾತು. ಹಿಂದೆ ಹಲಗೆಯಲ್ಲಿ ತೋಡು ತೆಗೆಯಬೇಕಾದರೆ ಉಳಿಯಿಂದ ಕೆತ್ತಿ, ತಳವನ್ನು ಸಮಮಾಡಲು ಕಿರಿದಾದ ಅಲಗುಳ್ಳ ಕೀಸುಳಿಯೊಂದನ್ನು ಬಳಸುತ್ತಿದ್ದರು. ಪಶ್ಚಿಮದಲ್ಲಿ ರೂಟರೆಂಬ ಹೆಸರು ಮೊದಲು ಆ ಕೈಯುಪಕರಣಕ್ಕಿತ್ತು. 1915ರಲ್ಲಿ ಅಮೆರಿಕದ ಆಸ್ಕರ್ ಆನ್ಸ್‌ರುಡ್ ಎಂಬುವರು ತಮ್ಮ ಮಗನೊಡಗೂಡಿ, ಒತ್ತಿದ ಗಾಳಿಯಿಂದ ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುವ ಕೈರೂಟರನ್ನು ನಿರ್ಮಿಸಿದರು. ವಿದ್ಯುತ್ತಿನ ರೂಟರುಗಳೂ ಆ ಕಾಲದವೇ. ಮೋಟಾರನ್ನು ಎರಡು ಕಂಬಗಳ ಮೇಲೆ ಸ್ಪ್ರಿಂಗುಗಳಿಂದ ನಿಲ್ಲಿಸಿ, ಬೇಕಾದಾಗ ಕೆಳಕ್ಕೆ ಅದುಮುವ ಪ್ಲಂಜ್ ರೂಟರು ಜರ್ಮನಿಯಲ್ಲಿ ಸುಮಾರು 1949ರ ಹೊತ್ತಿಗೆ ಬಂದಿತು. ಇವೆಲ್ಲವೂ ಕೈಯಲ್ಲಿ ಹಿಡಿದು ಹಲಗೆಯ ಮೇಲೆ ನಡೆಸುವ ಯಂತ್ರಗಳು. ಮೇಜಿಗೆ ಕಟ್ಟಿದಾಗ ಈ ಸಂಬಂಧವೇ ತಿರುಗುಮುರುಗಾಗುತ್ತದೆ: ಯಂತ್ರವು ಮೇಜಿನಡಿಯಲ್ಲಿ ತೂಗುತ್ತದೆ, ಬಿಟ್ ಮಾತ್ರ ಮೇಲೆ ಇಣುಕುತ್ತದೆ, ಹಲಗೆಯನ್ನು ನಾವು ಅದರತ್ತ ನೂಕುತ್ತೇವೆ. ಕೈಕೆಲಸದಲ್ಲಿ ಗುಣವೆನಿಸಿದ್ದು ಇಲ್ಲಿ ದೋಷವಾಗುವುದೂ ಉಂಟು. ಆದುದರಿಂದ ಕೈಗೆ ಒಳ್ಳೆಯ ರೂಟರು ಯಾವುದು ಎಂಬ ಪ್ರಶ್ನೆಯೂ ಮೇಜಿಗೆ ಒಳ್ಳೆಯದು ಯಾವುದು ಎಂಬ ಪ್ರಶ್ನೆಯೂ ಬೇರೆ ಬೇರೆ.

ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದುದು ವೇಗ. ಯಂತ್ರವು ಎಷ್ಟು ವೇಗವಾಗಿ ತಿರುಗಬಲ್ಲದು ಎಂಬುದಲ್ಲ, ಎಷ್ಟು ನಿಧಾನವಾಗಿ ತಿರುಗಬಲ್ಲದು ಎಂಬುದು. ಮೇಜನ್ನು ಮಾಡಿಕೊಳ್ಳುವುದೇ ದೊಡ್ಡ ಬಿಟ್‌ಗಳಿಗಾಗಿ. ಕದದ ಚೌಕಟ್ಟಿನ ನಡುವೆ ಕೂರುವ ಹಲಗೆಯ ಅಂಚನ್ನು ಇಳಿಜಾರಾಗಿ ತೆಗೆದು ನಡುಭಾಗವು ಉಬ್ಬಿ ಕಾಣುವಂತೆ ಮಾಡುವ ಬಿಟ್ 75 ಮಿಲಿಮೀಟರ್ ಅಗಲವಿರಬಹುದು. ಇದನ್ನು ನಿಮಿಷಕ್ಕೆ 24,000 ಸುತ್ತು, ಅಂದರೆ ಸೆಕೆಂಡಿಗೆ 400 ಸುತ್ತು, ತಿರುಗಿಸಿದೆವೆನ್ನಿ. ಅದರ ಅಂಚಿನಲ್ಲಿರುವ ಅಲಗು ಒಂದು ಸುತ್ತಿಗೆ ಸುಮಾರು 23½ ಸೆಂಟಿಮೀಟರ್ ಸಾಗುತ್ತದೆ. ಸೆಕೆಂಡಿಗೆ 94 ಮೀಟರ್, ಗಂಟೆಗೆ ಸುಮಾರು 340 ಕಿಲೋಮೀಟರ್. ಅದೇ ವೇಗದಲ್ಲಿ 12 ಮಿಲಿಮೀಟರಿನ ಬಿಟ್‌ನ ಅಲಗು ಸೆಕೆಂಡಿಗೆ ಬರಿಯ 15 ಮೀಟರ್ ಸಾಗುವುದು. ಮೋಟಾರು ಒಂದೇ, ಸುತ್ತು ಒಂದೇ. ಅಲಗಿಗೆ ಆಗುವ ಅನುಭವ ಮಾತ್ರ ಆರು ಪಟ್ಟಿಗೂ ಮೀರಿ ಬೇರೆ.

ಕೇಂದ್ರಾಪಗಾಮಿ ಬಲದ ಲೆಕ್ಕ ಇನ್ನೂ ದಿಗಿಲು ಹುಟ್ಟಿಸುವಂತಹುದು. ಬಿಟ್‌ನ ಅಂಚಿಗೆ ಬೆಸೆದಿರುವ ಕಾರ್ಬೈಡ್ ಅಲಗು 5 ಗ್ರಾಂ ಇದೆಯೆಂದು ಭಾವಿಸೋಣ. ಮೇಲೆ ಹೇಳಿದ 75 ಮಿಲಿಮೀಟರಿನ ಬಿಟ್‌ನಲ್ಲಿ 24,000 ಸುತ್ತಿಗೆ ಆ ಪುಟ್ಟ ತುಣುಕು ತನ್ನ ತೂಕದ ಸುಮಾರು 24,000 ಮಡಿ ಬಲದಿಂದ ಹೊರಕ್ಕೆ ಎಳೆಯುತ್ತದೆ. ಎಂದರೆ ಸುಮಾರು 120 ಕಿಲೋಗ್ರಾಂ ತೂಕವನ್ನು ಆ ಬೆಸುಗೆಗೆ ನೇತುಹಾಕಿದಂತೆ. ವೇಗವನ್ನು 10,000 ಸುತ್ತಿಗೆ ಇಳಿಸಿದರೆ ಬಲವು 21 ಕಿಲೋಗ್ರಾಮಿಗೆ ಇಳಿಯುವುದು. ಏಕೆಂದರೆ ಈ ಬಲ ವೇಗದ ವರ್ಗವನ್ನು ಅನುಸರಿಸುತ್ತದೆ. ಬಿಟ್ ತಯಾರಕರು ಸಾಮಾನ್ಯವಾಗಿ ವಿಧಿಸುವ ಮಿತಿಗಳಿಗೂ ಇದೇ ಆಧಾರ: 25 ಮಿಲಿಮೀಟರಿನವರೆಗೆ 24,000 ಸುತ್ತು, 50ರವರೆಗೆ 18,000, ಅದರ ಮೇಲೆ 16,000ಕ್ಕೆ, ಅತಿ ದೊಡ್ಡವುಗಳಿಗೆ 12,000 ಅಥವಾ ಇನ್ನೂ ಕೆಳಕ್ಕೆ. ಬಿಟ್‌ನ ಮೇಲೆಯೇ ಅಂಕಿಯನ್ನು ಅಚ್ಚು ಮಾಡಿದ್ದರೆ ಅದನ್ನೇ ಪಾಲಿಸತಕ್ಕದ್ದು. ಆಚಾರ್ಯರ ಟ್ರಿಮ್ಮರಿಗೆ ಇದ್ದುದು 30,000 ಸುತ್ತಿನ ಒಂದೇ ವೇಗ. ಅವರು ಬಳಸಿದ ಬಿಟ್‌ಗೆ ಉಚಿತವಾದ 18,000 ಸುತ್ತಿನಲ್ಲಿ ಆಗುವುದಕ್ಕಿಂತ ಮೂರು ಪಟ್ಟಿಗೆ ಸಮೀಪವಾದ ಎಳೆತವನ್ನು ಅದು ತಾಳಬೇಕಾಗಿತ್ತು. ವೇಗವನ್ನು 10,000ದ ಆಸುಪಾಸಿಗೆ ಇಳಿಸುವ ಗುಂಡಿಯಿಲ್ಲದ ಯಂತ್ರವು, ಉಳಿದುದರಲ್ಲಿ ಎಷ್ಟೇ ಉತ್ತಮವಾಗಿರಲಿ, ದೊಡ್ಡ ಬಿಟ್‌ಗಳ ಮೇಜಿಗೆ ಬರುವುದಿಲ್ಲ.

ಆದರೆ ಅಂದು ಗೋಡೆಗೆ ಬಡಿದ ಬಿಟ್‌ನ ಅಪರಾಧವೆಲ್ಲ ವೇಗದ್ದೇ ಅಲ್ಲ. ಬಿಟ್‌ನ ಕಡ್ಡಿಗೆ ಕೆಲಸಗಾರರು ಶ್ಯಾಂಕ್ ಎನ್ನುತ್ತಾರೆ. ಟ್ರಿಮ್ಮರಿನದು 6 ಮಿಲಿಮೀಟರ್, ದೊಡ್ಡ ಯಂತ್ರಗಳದು 12 ಅಥವಾ 12.7, ಅಂದರೆ ಅರ್ಧ ಅಂಗುಲ. ದಪ್ಪ ಇಮ್ಮಡಿಯಾದರೆ ಬಲವೂ ಇಮ್ಮಡಿಯಾಗುವುದೆಂದು ತೋರಬಹುದು. ವಾಸ್ತವವಾಗಿ ಮುರಿಯದೆ ತಡೆಯುವ ಬಲವು ವ್ಯಾಸದ ಘನವನ್ನೂ, ಬಾಗದೆ ನಿಲ್ಲುವ ಬಿಗಿತವು ವ್ಯಾಸದ ನಾಲ್ಕನೆಯ ಘಾತವನ್ನೂ ಅನುಸರಿಸುತ್ತವೆ. ಇಮ್ಮಡಿ ದಪ್ಪದ ಕಡ್ಡಿ ಎಂಟು ಪಟ್ಟು ಬಲವಾದದ್ದು, ಹದಿನಾರು ಪಟ್ಟು ಬಿಗಿಯಾದದ್ದು. ಬಾಗುವಿಕೆ ಬೆಳೆಯುವ ಬಗೆಯೂ ವಿಚಿತ್ರ: ಕಡ್ಡಿ ಕೂದಲೆಳೆಯಷ್ಟು ಬಾಗಿದರೂ ಬಿಟ್‌ನ ಭಾರ ನಡುಗೆರೆಯಿಂದ ಹೊರಸರಿದು ಇನ್ನಷ್ಟು ಎಳೆಯುತ್ತದೆ, ಆ ಎಳೆತದಿಂದ ಇನ್ನಷ್ಟು ಬಾಗುತ್ತದೆ. ಮೊದಲ ನಡುಕಕ್ಕೂ ಮುರಿಯುವುದಕ್ಕೂ ನಡುವೆ ಕೈ ಹಿಂತೆಗೆಯುವಷ್ಟು ಹೊತ್ತಿರುವುದಿಲ್ಲ.

ಕಡ್ಡಿಯನ್ನು ಹಿಡಿಯುವ ಸೀಳುಳ್ಳ ಉಕ್ಕಿನ ತೋಳಿಗೆ ಕಾಲೆಟ್ ಎಂದು ಹೆಸರು. ನಮ್ಮ ಪೇಟೆಯಲ್ಲಿ 12 ಮಿಲಿಮೀಟರಿನ ಬಿಟ್‌ಗಳೂ ಅರ್ಧ ಅಂಗುಲದವೂ ಅಕ್ಕಪಕ್ಕದಲ್ಲೇ ದೊರೆಯುತ್ತವೆ. ಕಣ್ಣಿಗೆ ಎರಡೂ ಒಂದೇ. 12ರ ಕಡ್ಡಿಯನ್ನು 12.7ರ ಕಾಲೆಟ್‌ಗೆ ಹಾಕಿ ಎಷ್ಟೇ ಬಿಗಿದರೂ ಹಿಡಿತ ಬರುವುದಿಲ್ಲ; ಕೆಲಸದ ನಡುವೆ ಬಿಟ್ ಮೆಲ್ಲನೆ ಮೇಲೇರಿ ಹೊರಬರುವ ಸಂಭವ ಉಂಟು. ಕೊಳ್ಳುವಾಗ ಒಂದೇ ಅಳತೆಯನ್ನು ಆರಿಸಿಕೊಂಡು ಮುಂದಿನ ಬಿಟ್‌ಗಳನ್ನೆಲ್ಲ ಅದರಲ್ಲೇ ಕೊಳ್ಳುವುದು ಜಾಣತನ.

ಇನ್ನು ವಾಟಿನ ವಿಷಯ. ಫಲಕದ ಮೇಲೆ ಬರೆದಿರುವ ವಾಟು ಯಂತ್ರವು ನುಂಗುವ ವಿದ್ಯುತ್ತಿನ ಅಳತೆ, ಬಿಟ್‌ಗೆ ಒದಗುವ ಕೆಲಸದ ಅಳತೆಯಲ್ಲ. ಆದರೂ ಹುಣಸೆಯಂತಹ ಮರದಲ್ಲಿ ದೊಡ್ಡ ಬಿಟ್ ನಡೆಸುವವರಿಗೆ 1,800 ವಾಟಿನ ಆಸುಪಾಸಿನದು ಬೇಕೇ ಬೇಕು. ಅದಕ್ಕೆ 230 ವೋಲ್ಟಿನಲ್ಲಿ ಸುಮಾರು 8 ಆಂಪೇರು ಹರಿಯುವುದರಿಂದ 6 ಆಂಪೇರಿನ ಸಣ್ಣ ಸಾಕೆಟ್ಟು ಸಾಲದು. ಹಳ್ಳಿಗಳಲ್ಲಿ ಸಂಜೆಯ ವೇಳೆ ವೋಲ್ಟು 190ಕ್ಕೆ ಇಳಿದರೆ, ವೋಲ್ಟಿನ ವರ್ಗದ ಲೆಕ್ಕದಲ್ಲಿ, ಶಕ್ತಿಯ ಮೂರರಲ್ಲೊಂದು ಭಾಗ ಸ್ಥೂಲವಾಗಿ ಕಳೆದುಹೋಯಿತೆನ್ನಬಹುದು. ಆಗ ಫಲಕದಲ್ಲಿ ಇನ್ನೂರು ವಾಟು ಹೆಚ್ಚಿದ್ದರೆಷ್ಟು, ಕಡಿಮೆಯಿದ್ದರೆಷ್ಟು! ಅದಕ್ಕಿಂತ, ಭಾರ ಬಿದ್ದಾಗ ವೇಗ ಕುಗ್ಗದಂತೆ ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಣವೂ, ಒಮ್ಮೆಗೇ ಒದರದೆ ಮೆಲ್ಲನೆ ಆರಂಭವಾಗುವ ಗುಣವೂ ಇದ್ದರೆ ಅವುಗಳಿಗೆ ಹಣ ಕೊಡುವುದು ಮೇಲು.

ಸ್ವಿಚ್ಚಿನ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಕರೆಂಟು ಹೋಯಿತೆಂದು ಆಚಾರ್ಯರು ಒಳಗೆ ಹೋಗುತ್ತಾರೆ, ಮೇಜಿನ ಮೇಲೆ ಮೊಮ್ಮಗ ಕೈಯಿಡುತ್ತಾನೆ, ಕರೆಂಟು ಬರುತ್ತದೆ. ಅಡಿಯಲ್ಲಿ ತೂಗುತ್ತಿರುವ ರೂಟರಿನ ಸ್ವಿಚ್ಚು ಒತ್ತಿಯೇ ಇದ್ದರೆ ಅದು ತಾನಾಗಿ ತಿರುಗತೊಡಗುತ್ತದೆ. ಇದಕ್ಕೆಂದೇ, ವಿದ್ಯುತ್ತು ನಿಂತೊಡನೆ ತಾನೂ ಕಳಚಿಕೊಂಡು ಮತ್ತೆ ಒತ್ತುವವರೆಗೆ ಕೂಡದ ಸ್ವಿಚ್ಚುಗಳುಂಟು. ಅಂತಹುದನ್ನು ಮೇಜಿನ ಮುಂಗಾಲಿಗೆ ಹಾಕಿಸಿಕೊಂಡರೆ, ಅಡಿಗೆ ಕೈ ಹಾಕದೆಯೇ ಯಂತ್ರವನ್ನು ನಿಲ್ಲಿಸಲೂ ಬಹುದು. ಬೆರಳು ತೆಗೆದೊಡನೆ ನಿಲ್ಲುವ ಸ್ವಿಚ್ಚುಳ್ಳ ರೂಟರು ಕೈಕೆಲಸಕ್ಕೆ ಕ್ಷೇಮ. ಮೇಜಿನಲ್ಲಿ ಅದನ್ನು ದಾರದಿಂದ ಕಟ್ಟಿಡಬೇಕಾಗುವುದರಿಂದ ಅದು ಅಲ್ಲಿಗೆ ತಕ್ಕುದಲ್ಲ.

ಎತ್ತರವನ್ನು ಹೊಂದಿಸುವ ಬಗೆಯಲ್ಲಿ ಗುರುತ್ವಾಕರ್ಷಣೆ ನಮ್ಮ ವಿರುದ್ಧ ನಿಲ್ಲುತ್ತದೆ. ಪ್ಲಂಜ್ ರೂಟರಿನ ಸ್ಪ್ರಿಂಗು ಮೋಟಾರನ್ನು ತಳಹಲಗೆಯಿಂದ ದೂರಕ್ಕೆ ನೂಕುತ್ತದೆ. ಕೈಯಲ್ಲಿರುವಾಗ ಅದು ಬಿಟ್ಟನ್ನು ಮರದಿಂದ ಮೇಲೆತ್ತುವ ಉಪಕಾರ. ತಲೆಕೆಳಗಾದಾಗ ಅದೇ ಸ್ಪ್ರಿಂಗು ಮೋಟಾರಿನ ಐದಾರು ಕಿಲೋಗ್ರಾಂ ತೂಕದ ಜೊತೆ ಸೇರಿ ಕೆಳಕ್ಕೆ ಒತ್ತುತ್ತದೆ. ಬಿಟ್ಟನ್ನು ಅರ್ಧ ಮಿಲಿಮೀಟರ್ ಏರಿಸಲು ಹೆಣಗಾಡಬೇಕು. ಆದುದರಿಂದ ಸ್ಪ್ರಿಂಗನ್ನು ಸುಲಭವಾಗಿ ಕಳಚಲು ಬರುವುದೇ ಎಂದು ನೋಡಬೇಕು. ಕಳಚುವಾಗ ಪ್ಲಗ್ಗನ್ನು ಕಿತ್ತಿಟ್ಟು, ಸ್ಪ್ರಿಂಗು ಪೂರ್ತಿ ಸಡಿಲವಾಗಿರುವ ಸ್ಥಿತಿಯಲ್ಲೇ ಕೈ ಹಚ್ಚಬೇಕು. ಮೋಟಾರು ಒಂದು ಕವಚದೊಳಗೆ ಜಾರುವ, ಸ್ಪ್ರಿಂಗಿಲ್ಲದ ಬಗೆಯ ರೂಟರು ಮೇಜಿಗೆ ಹೆಚ್ಚು ಒಗ್ಗುವುದು; ಕೆಲವನ್ನು ಮೇಜಿನ ಮೇಲಿನಿಂದಲೇ ತಿರುಪಿ ಏರಿಸಬಹುದು. ಆದರೆ ಇವುಗಳಲ್ಲಿ ಬಲವಾದವು ಸ್ವಲ್ಪ ಅಪರೂಪ. ಬೆಲೆಬಾಳುವ ಏರಿಳಿಕೆಯ ಸಲಕರಣೆಯನ್ನು ಬೇರೆಯಾಗಿಯೂ ಕೊಳ್ಳಬಹುದು. ಹಾಗೆ ಕೊಳ್ಳುವವರು ಅದರ ಹಿಡಿಕಟ್ಟಿಗೆ ತಮ್ಮ ಮೋಟಾರಿನ ದಪ್ಪ ಹೊಂದುವುದೇ ಎಂದು ಮೊದಲು ಅಳೆಯಬೇಕು.

ಇದರೊಡನೆ ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಯಂತ್ರವನ್ನು ತಲೆಕೆಳಗಾಗಿ ಹಿಡಿದು ಮೋಟಾರನ್ನು ತಳಹಲಗೆಯತ್ತ ಪೂರ್ತಿ ಸರಿಸಿ, ಕಾಲೆಟ್‌ನ ನಟ್ಟು ಹೊರಗೆ ಬರುವುದೇ, ಸ್ಪ್ಯಾನರು ಕೂರುವುದೇ ನೋಡಿರಿ. ಕೂರದಿದ್ದರೆ ಪ್ರತಿ ಬಾರಿ ಬಿಟ್ ಬದಲಿಸಲು ನೆಲಕ್ಕೆ ಕುಕ್ಕರಿಸಬೇಕಾದೀತು. ಗಾಳಿಯ ಕಿಂಡಿಗಳೂ ಗಮನಾರ್ಹ. ರೂಟರು ಗಾಳಿಯನ್ನು ಸಾಧಾರಣವಾಗಿ ಬಿಟ್‌ನ ಎದುರು ತುದಿಯಿಂದ ಹೀರುತ್ತದೆ. ತಲೆಕೆಳಗಾದಾಗ ಆ ಕಿಂಡಿ ಹೊಟ್ಟು ಬೀಳುವ ಜಾಗಕ್ಕೇ ಬರುತ್ತದೆ. ಮೇಜಿನಡಿ ಮುಚ್ಚಿದ ಪೆಟ್ಟಿಗೆಯಿದ್ದರೆ ಅದರಲ್ಲಿ ಹೊಟ್ಟು ತುಂಬಲು ಬಿಡಬಾರದು.

ಎಂತಹ ಯಂತ್ರವನ್ನೇ ಕೊಳ್ಳಲಿ, ಮರವನ್ನು ನೂಕುವ ದಿಕ್ಕು ತಪ್ಪಿದರೆ ಲೆಕ್ಕವೆಲ್ಲ ವ್ಯರ್ಥ. ಕೈಯಲ್ಲಿ ಹಿಡಿದು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವ ಬಿಟ್, ಮೇಜಿನಲ್ಲಿ ಅದಕ್ಕೆ ವಿರುದ್ಧವಾಗಿ ತಿರುಗುವಂತೆ ಕಾಣುತ್ತದೆ. ನಮ್ಮ ಕಡೆಗಿರುವ ಅಲಗು ಎಡದಿಂದ ಬಲಕ್ಕೆ ಓಡುವುದರಿಂದ ಮರವನ್ನು ಬಲದಿಂದ ಎಡಕ್ಕೆ ನೂಕಬೇಕು. ಎಡದಿಂದ ನೂಕಿದರೆ ಅಲಗು ಮರವನ್ನು ಕಚ್ಚಿ ಸೆಳೆದುಕೊಳ್ಳುತ್ತದೆ, ಹಿಂದೆಯೇ ಕೈ ಹೋಗುತ್ತದೆ. ಹಿಂದಿರುವ ಆನುಪಟ್ಟಿಗೂ ಬಿಟ್‌ಗೂ ನಡುವಣ ಸಂದಿಯಲ್ಲಿ ಮರವನ್ನು ಎಂದೂ ತೂರಿಸಬಾರದು.

ಇಷ್ಟನ್ನೂ ಮಾತನಾಡಿದ ಮೇಲೆ ಆಚಾರ್ಯರು ಬೆಂಗಳೂರಿಗೆ ಹೋಗಿ ತಂದದ್ದು ಅಂಗಡಿಯ ಅತಿ ದೊಡ್ಡ ಯಂತ್ರವನ್ನಲ್ಲ; 1,800 ವಾಟಿನ, ಗುಂಡಿ ತಿರುಗಿಸಿದರೆ 10,000ಕ್ಕೂ ಕೆಳಗೆ ಇಳಿಯುವ, ಅರ್ಧ ಅಂಗುಲದ ಪ್ಲಂಜ್ ರೂಟರನ್ನು. ಸ್ಪ್ರಿಂಗು ತೆಗೆದು ಡಬ್ಬಿಯಲ್ಲಿಟ್ಟಿದ್ದಾರೆ. ಏರಿಳಿಕೆಗೆ ಹಳೆಯ ಕಾರಿನ ಜಾಕ್ ಒಂದನ್ನು ಅಡಿಗೆ ನಿಲ್ಲಿಸಿದ್ದಾರೆ. ಎತ್ತರ ಬಂದ ಮೇಲೆ ರೂಟರಿನ ಬಿಗಿಕೀಲನ್ನು ತಪ್ಪದೆ ಬಿಗಿಯುತ್ತಾರೆ. ಹೋದ ಸಲ ನೋಡಿದಾಗ ಹುಣಸೆಯ ಹಲಗೆಯೊಂದರ ಅಂಚನ್ನು 75 ಮಿಲಿಮೀಟರಿನ ಬಿಟ್‌ನಿಂದ, ಒಮ್ಮೆಗೆ ಎರಡು ಮಿಲಿಮೀಟರಿನಂತೆ, ನಾಲ್ಕು ಸಲ ನಡೆಸಿ ತೆಗೆಯುತ್ತಿದ್ದರು. ಮೂರನೆಯ ಸಲಕ್ಕೆ ಮರ ಸುಟ್ಟ ವಾಸನೆ ಬಂದಿತು. "ಅಲಗು ಮೊಂಡಾಯ್ತು ಸಾರ್, ಮೊದಲು ಇದಕ್ಕೆ ಸಾಣೆ ಹಿಡಿಸ್ಕೊಂಡು ಬರಬೇಕು" ಎಂದು ಯಂತ್ರ ನಿಲ್ಲಿಸಿ, ಪ್ಲಗ್ಗು ಕಿತ್ತು, ಸ್ಪ್ಯಾನರಿಗೆ ಕೈ ಹಾಕಿದರು.