ಅಲೆಗೂ ಮೊದಲು ವಾಪಸಿನ ದಾರಿ

ಸುಮಾತ್ರದ ಪಶ್ಚಿಮಕ್ಕಿರುವ ಮೆಂತವಾಯಿ ದ್ವೀಪಗಳಿಗೆ ಸರ್ಫಿಂಗ್‌ಗೆಂದು ಹೊರಡುವವರು ಅಲೆಯ ಎತ್ತರ, ಬೋರ್ಡಿನ ಅಳತೆ ಎಲ್ಲ ವಿಚಾರಿಸುತ್ತಾರೆ. ಗಾಯವಾದರೆ ಆಸ್ಪತ್ರೆ ಸೇರುವುದು ಹೇಗೆಂದು ಮಾತ್ರ ಕೇಳುವುದಿಲ್ಲ. ಚೆನ್ನಾಗಿ ಈಜು ಬರುತ್ತದಲ್ಲ ಎನ್ನಬೇಡಿ. ಅಲ್ಲಿ ಅಲೆ ಒಡೆಯುವುದು ಹೆಚ್ಚಾಗಿ ಮರಳಿನ ಮೇಲಲ್ಲ, ಆಳವಿಲ್ಲದ ಹವಳದ ದಿಬ್ಬದ ಮೇಲೆ; ಬಿದ್ದರೆ ನುರಿತವರ ಚರ್ಮವೂ ಹರಿಯುತ್ತದೆ, ಆ ಸೆಕೆಯಲ್ಲಿ ಸಣ್ಣ ಗೀರೂ ಬೇಗ ಕೀವಾಗುತ್ತದೆ. ದೊಡ್ಡ ಆಸ್ಪತ್ರೆಗಳಿರುವ ಪಡಾಂಗ್ ನಗರ ಕಡಲಾಚೆಗಿದೆ. ಹವಾಮಾನ ಕೆಟ್ಟರೆ ದೋಣಿ ಹೊರಡದು. ವಿಮೆಯಿದೆ ಎನ್ನುವಿರಾದರೆ, ಸರ್ಫಿಂಗ್ ಮತ್ತು ತುರ್ತು ಸಾಗಣೆ ಅದರಲ್ಲಿ ಸೇರಿವೆಯೇ ಎಂದು ಓದಿ ನೋಡಿ. ಅಲ್ಲಿ ಮಲೇರಿಯಾದ ಅಪಾಯವೂ ಇರುವುದರಿಂದ ತಡೆ ಮಾತ್ರೆಗಾಗಿ ವೈದ್ಯರನ್ನು ಕೆಲವು ವಾರ ಮೊದಲೇ ಕಾಣಿ. 2010ರ ಅಕ್ಟೋಬರ್‌ನಲ್ಲಿ ಅಲ್ಲಿ ಸುನಾಮಿಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ಹಾಗಾಗಿ ನೆಲ ಮೆಲ್ಲಗಾದರೂ ಬಹಳ ಹೊತ್ತು ಅಲುಗಿದರೆ, ಸೈರನ್‌ಗೆ ಕಾಯದೆ ಎತ್ತರಕ್ಕೆ ಓಡಿ.