ಶಿಶಿರದ ಹಿತ್ತಲು

ಇಂಗ್ಲಿಷ್ ಪುಸ್ತಕಗಳಲ್ಲಿ ಚಳಿಗಾಲದ ಕೈತೋಟದ ವರ್ಣನೆ ಬಂದಾಗಲೆಲ್ಲ ಮೊಳಕಾಲೆತ್ತರದ ಹಿಮ, ಹೆಪ್ಪುಗಟ್ಟಿದ ನೀರಿನ ತೊಟ್ಟಿ, ಎಲೆಯಿಲ್ಲದ ಸೇಬಿನ ಮರ ಇವೇ ಕಾಣುವುವು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯವರಾದ ನಮಗೆ ಇದು ಬೇರೊಂದು ಲೋಕದ ಮಾತು. ಆದರೂ ಪುಷ್ಯ ಮಾಘಗಳಲ್ಲಿ ನಮ್ಮ ಹಳ್ಳಿಯವರು “ರಾತ್ರಿ ಹಿಮ ಬಿತ್ತು” ಎನ್ನುವುದುಂಟು. ಅವರು ಹೇಳುವುದು ಇಬ್ಬನಿಯ ವಿಚಾರ. ಓದಿದವರು ಕೇಳಿ ನಗಬಹುದು. ಆದರೆ ಇಬ್ಬನಿಗೂ ನೆಲದ ಮೇಲೆ ಕಟ್ಟುವ ಬಿಳಿಯ ಹಿಮಕ್ಕೂ ಕಾರಣ ಒಂದೇ.

ಈ ಕಾರಣವನ್ನು ವಿಶದಪಡಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. 1814ರಲ್ಲಿ ಅವನ ಪ್ರಬಂಧ ಪ್ರಕಟವಾಯಿತು. ಬಯಲಿನಲ್ಲಿ ಒಂದು ಹಲಗೆಯನ್ನು ಎತ್ತರಿಸಿ, ಅದರ ಮೇಲೊಂದು, ಕೆಳಗೊಂದು ಸಮತೂಕದ ಉಣ್ಣೆಯ ಉಂಡೆಯಿಟ್ಟು ಬೆಳಿಗ್ಗೆ ತೂಗಿ ನೋಡಿದನು. ಆಕಾಶಕ್ಕೆ ತೆರೆದಿದ್ದ ಮೇಲಿನ ಉಣ್ಣೆಯೇ ಹೆಚ್ಚು ನೀರನ್ನು ಹಿಡಿದಿತ್ತು. ಮೋಡವಿಲ್ಲದ ರಾತ್ರಿ ಎಲೆ, ಹುಲ್ಲು, ನೆಲ ಎಲ್ಲವೂ ತಮ್ಮ ಶಾಖವನ್ನು ಆಕಾಶಕ್ಕೆ ಚೆಲ್ಲಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುವು. ಗಾಳಿಯಲ್ಲಿನ ಆವಿ ಆ ತಣ್ಣನೆಯ ಎಲೆಯ ಮೇಲೆ ಹನಿಗಟ್ಟುವುದು. ಎಲೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಹನಿಯ ಬದಲು ಬಿಳಿಯ ಹರಳು. ಉದಕಮಂಡಲದ ಹುಲ್ಲಿನ ಮೇಲೆ ಡಿಸೆಂಬರ್, ಜನವರಿಯಲ್ಲಿ ಕಾಣುವುದು ಇದೇ.

ನಮ್ಮ ದೇಶದವರು ಈ ತತ್ತ್ವವನ್ನು ವೆಲ್ಸನಿಗೆ ಮೊದಲೇ ಬಳಸಿಕೊಂಡಿದ್ದರು. ಅಲಹಾಬಾದಿನ ಕಡೆ ತಗ್ಗು ತೋಡಿ, ಕಬ್ಬಿನ ಒಣದಂಟು ಹಾಸಿ, ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಬೆಳಗಿನ ಜಾವ ಮಂಜುಗಡ್ಡೆ ತೆಗೆಯುತ್ತಿದ್ದರೆಂದು ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಬರೆದಿದ್ದಾನೆ. ನಮ್ಮಲ್ಲಿ ಕಬ್ಬಿಗೇನೂ ಬರವಿಲ್ಲ; ಆದರೆ ಆ ಚಳಿಯಿಲ್ಲ. ಜನವರಿಯ ರಾತ್ರಿ ಇಲ್ಲಿ ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್. ಎಲೆ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಇಳಿದರೂ ಸೊನ್ನೆ ಬಹುದೂರ. ನಮಗಿಂತ ಎತ್ತರದ ಬೆಂಗಳೂರಿನಲ್ಲೂ ದಾಖಲೆಯ ಚಳಿ, 1884ರ ಜನವರಿ 13ರಂದು, 7.8 ಡಿಗ್ರಿ.

ಹಾಗಾದರೆ ಹಿತ್ತಲಿಗೆ ಈ ಚಳಿಯಿಂದ ಏನು? ಗಿಡ ಸಾಯುವುದಿಲ್ಲ, ಆದರೆ ಬೀಜ ಮಲಗುತ್ತದೆ. ಹೀರೆ, ಸೋರೆ, ಕುಂಬಳದ ಬೀಜಗಳಿಗೆ ನೆಲದ ಬಿಸುಪು ಬೇಕು. ಪುಷ್ಯದಲ್ಲಿ ಅವಸರದಿಂದ ಊರಿದರೆ ಮೊಳೆಯಲು ತಡವಾಗಿ ಎಷ್ಟೋ ಬೀಜ ಮಣ್ಣಿನಲ್ಲೇ ಕೊಳೆಯುವುದು. ಸಂತೆಯ ತರಕಾರಿ ಕೊಳ್ಳುವ ಶಕ್ತಿಯಿಲ್ಲದ ಮನೆಗೆ ಇದು ಸಣ್ಣ ನಷ್ಟವಲ್ಲ. ಚೈತ್ರ ವೈಶಾಖಗಳ ಸಾರು ಈ ಬೀಜಗಳನ್ನೇ ನಂಬಿರುತ್ತದೆ. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಮಗ್ಗುಲಲ್ಲಿಟ್ಟು, ಮೊಳಕೆ ಕಂಡ ಮೇಲೆ ಊರುವ ಅಜ್ಜಿಯರ ಕ್ರಮ ಸರಿಯಾದದ್ದೇ. ಸಸಿಗಳ ಮೇಲೆ ಸಂಜೆ ತೆಂಗಿನ ಗರಿ ಮುಚ್ಚುವುದೂ ವೆಲ್ಸನ ಹಲಗೆಯ ಕೆಲಸವನ್ನೇ ಮಾಡುವುದು. ಸಂಜೆ ನೀರು ಹಾಕುವವರು ಮಾತ್ರ ಬುಡಕ್ಕೆ ಹಾಕಬೇಕು: ಒದ್ದೆ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಡುವುದು, ಒದ್ದೆ ಎಲೆಯಾದರೋ ರೋಗಕ್ಕೆ ಹಾಸಿಗೆ. ಕೊತ್ತಂಬರಿ, ಮೆಂತ್ಯ, ಮೂಲಂಗಿಗಳಿಗೆ ಈ ಉಪಚಾರವೊಂದೂ ಬೇಡ. ಚಳಿಯೇ ಅವಕ್ಕೆ ಹಿತ.

ಎಲ್ಲ ಊರಿನ ಹಿತ್ತಲೂ ಒಂದೇ ರೀತಿಯಲ್ಲ. ಕಾವೇರಿಯ ಎರಡು ಕವಲುಗಳ ನಡುವಣ ಶ್ರೀರಂಗಪಟ್ಟಣದಲ್ಲೂ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲೂ ಗಾಳಿಯಲ್ಲಿ ತೇವ ಹೆಚ್ಚು, ಇಬ್ಬನಿಯೂ ಹೆಚ್ಚು. ನಾಗಮಂಗಲದ ಒಣ ಕೆಂಪುನೆಲ ಬೇಗ ಆರುವುದು; ಅಲ್ಲಿ ಹನಿ ಕಡಿಮೆಯಾದರೂ ಚಳಿ ಚುರುಕು. ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನಂತೆ ತಗ್ಗಿಗೆ ಹರಿಯುವುದು. ಕೆರೆಯ ಕೆಳಗಿನ ಮನೆಯವರು ದಿಣ್ಣೆಯವರಿಗಿಂತ ಒಂದು ಕಂಬಳಿ ಹೆಚ್ಚು ಹೊದೆಯುವರೆಂದರೆ ಅದು ಬರಿಯ ಹಾಸ್ಯವಲ್ಲ.

ಇನ್ನು ಅವರೆ. ಇಬ್ಬನಿ ಬಿದ್ದರೇ ಸೊಗಡು ಎನ್ನುವರು. ಸೊಗಡೆಂಬುದು ಕಾಯಿಯ ಸಿಪ್ಪೆಯೇ ಸ್ರವಿಸುವ ಅಂಟಾದ ಎಣ್ಣೆ. ಅದು ಹೊರಗಿನಿಂದ ಬಂದು ಹತ್ತುವುದಲ್ಲ. ನಮ್ಮ ಹಳೆಯ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂಬಿಡುವ ಜಾತಿ. ಆದ್ದರಿಂದ ಕಾಯಿಯೂ ಇಬ್ಬನಿಯೂ ಒಂದೇ ಕಾಲಕ್ಕೆ ಒದಗುವುವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆಯ ತಳಿಗಳಿಗೆ ಹಗಲಿನ ಈ ಕಟ್ಟಿಲ್ಲ, ವರ್ಷವೆಲ್ಲ ಕಾಯಿಬಿಡುತ್ತವೆ. ಬೇಸಿಗೆಯ ಕಾಯಿಯಲ್ಲಿ ಆ ಘಮವಿಲ್ಲವೆಂದು ತಿಂದವರು ದೂರುತ್ತಾರೆ. ನನ್ನ ನಾಲಗೆಯೂ ಅವರ ಪಕ್ಷವೇ.

ಮಾವಿನ ಹೂ ಕರಿದಾದರೆ “ಹಿಮಕ್ಕೆ ಸುಟ್ಟಿತು” ಎನ್ನುವ ಮಾತನ್ನು ಮಾತ್ರ ಒಪ್ಪಲಾಗದು. ತಂಪಾದ ರಾತ್ರಿಗಳು ಮಾವು ಹೂಬಿಡುವುದಕ್ಕೆ ಸಹಾಯವನ್ನೇ ಮಾಡುವುವು. ಹೂವನ್ನು ಕೆಡಿಸುವುದು ಬೂದಿರೋಗ, ಚಿಬ್ಬುರೋಗ, ಜಿಗಿಹುಳು. ಹಿಮವನ್ನು ದೂರಿ ಕೈಕಟ್ಟಿ ಕುಳಿತರೆ ಫಸಲು ಹೋಗುವುದು; ಬೂದಿರೋಗವೆಂದು ತಿಳಿದವನು ಹೂಗೊಂಚಲಿಗೆ ಗಂಧಕ ಸಿಂಪಡಿಸಿ ಕಾಯಿ ಉಳಿಸಿಕೊಳ್ಳುವನು. ಅವರೆಯ ಹೇನಿಗೆ ಒಲೆಯ ಬೂದಿಯೇ ಸಾಕು. ಅದನ್ನು ಇಬ್ಬನಿ ಆರುವ ಮೊದಲೇ ಎರಚಬೇಕು. ಬಿಸಿಲೇರಿದ ಮೇಲೆ ಎಲೆಗೆ ಹತ್ತದು. ಶಿವರಾತ್ರಿಗೆ ಚಳಿ “ಶಿವ ಶಿವ” ಎಂದು ಓಡುವುದಂತೆ. ಬಳ್ಳಿಯ ಬೀಜಗಳನ್ನು ನೇರವಾಗಿ ನೆಲಕ್ಕೆ ಊರಲು ಅಲ್ಲಿಯವರೆಗೆ ಕಾಯುವುದು ಲೇಸು.